ತಾರೀಕೇ ಇಲ್ಲದ ಚುನಾವಣೆಗೆ ಮೂವರು

ಮೈಸೂರು ಪಾಲಿಕೆಯ 65 ವಾರ್ಡ್‌ಗಳಿಗೆ ಹೋದ ಸಲ ಓಟು ಹಾಕಿದ್ದು 2018ರ ಆಗಸ್ಟ್ 31ಕ್ಕೆ. ಗೆದ್ದವರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಆದರೂ ನಮ್ಮ ಟೀ ಅಂಗಡಿ ಬೆಂಚಿನ ಮೇಲೆ ಮಾತ್ರ ಚುನಾವಣೆ ದಿನಾ ನಡೆಯುತ್ತದೆ.

"ಮಾಜಿ ಕಾರ್ಪೊರೇಟರ್‌ಗೇ ಹಾಕೋಣ ರಾಯರೇ. ಅನುಭವ ಇದೆ," ಅಂದರು ದಿನಸಿ ಅಂಗಡಿ ಶೆಟ್ಟರು.

"ಅನುಭವ ಸ್ವಲ್ಪ ಜಾಸ್ತಿಯೇ ಆಗಿದೆ," ಅಂದರು ರಾಯರು. "ಮೊನ್ನೆ ಫೋನ್ ಮಾಡಿದರೆ 'ಮೀಟಿಂಗ್‌ನಲ್ಲಿದ್ದೀನಿ' ಅಂದರು. ಕೌನ್ಸಿಲ್ಲೇ ಇಲ್ಲ, ಯಾವ ಮೀಟಿಂಗು ಸ್ವಾಮಿ?"

"2016ರಲ್ಲಿ ಮೈಸೂರು ದೇಶಕ್ಕೇ ಸ್ವಚ್ಛ ನಗರ ಆಯ್ತಲ್ಲ, ಅದು ತಮ್ಮಿಂದ್ಲೇ ಅಂತಾರೆ."

"ಅವರು ಗೆದ್ದದ್ದೇ 2018ರಲ್ಲಿ!" ಅಂದರು ಮೇಷ್ಟ್ರು. "ನೂರಕ್ಕೆ ಮೂವತ್ತು. ಫೇಲು."

ಎರಡನೆಯವನು ಗಣೇಶನ ಪೆಂಡಾಲ್ ಹುಡುಗ. ಇವನ ಫ್ಲೆಕ್ಸ್‌ಗಳನ್ನು ಸಾಲಾಗಿ ನೋಡಿದರೇ ಕಥೆ ಗೊತ್ತಾಗುತ್ತದೆ. ಮೊದಲು ಇವನೊಬ್ಬನೇ ಇದ್ದ. ಆಮೇಲೆ ಮೂಲೆಯಲ್ಲಿ ಹೆಂಡತಿ ಬಂದಳು. ಈ ದಸರಾಕ್ಕೆ ಇಬ್ಬರದೂ ಒಂದೇ ಅಳತೆ. ಪಾಲಿಕೆಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು, ಯಾವ ವಾರ್ಡ್ ಯಾರಿಗೆ ಅಂತ ಪಟ್ಟಿ ಬರುವವರೆಗೆ ಗೊತ್ತಾಗುವುದಿಲ್ಲ.

"ಆಯಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ದಾರಾ?" ಅಂದೆ.

"ಕೇಳಿದ್ದಾರಂತೆ," ಅಂದರು ಶೆಟ್ಟರು. "ಫೋಟೋಕ್ಕೆ ಯಾವ ಸೀರೆ ಅಂತ."

ಮೂರನೆಯವನು ಇಂಜಿನಿಯರ್. ಯುಜಿಡಿ, ಅಂದರೆ ಒಳಚರಂಡಿ, ಚೇಂಬರ್ ಎಲ್ಲೆಲ್ಲಿ ಕಟ್ಟಿಕೊಂಡಿದೆ ಅಂತ ನಕ್ಷೆ ಮಾಡಿಕೊಂಡು ಮನೆ ಮನೆಗೆ ಬಂದಿದ್ದ. ಮೇಷ್ಟ್ರು ಎಂಬತ್ತು ಕೊಟ್ಟರು. ಶೆಟ್ಟರ ಮುಖ ಗಂಟಾಯಿತು.

"ಚೇಂಬರ್ ಗೊತ್ತು, ಸರಿ. ನನ್ನ ಮಗಳ ಮದುವೆಗೆ ಬಂದನಾ?"

"ನೀವು ಕರೆದಿದ್ರಾ?"

"ಪೆಂಡಾಲ್ ಹುಡುಗನನ್ನೂ ಕರೆದಿರಲಿಲ್ಲ. ಬಂದು ಬಡಿಸಿ ಹೋದ!"

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಾವು ಕಾರ್ಪೊರೇಟರ್ ಹತ್ತಿರ ಕೇಳುವುದೇ ಹಾಗೆ. ಕರೆಂಟ್ ಚೆಸ್ಕಾಂನದು, ರೇಷನ್ ಕಾರ್ಡ್ ಆಹಾರ ಇಲಾಖೆಯದು. ಕಸ, ಚರಂಡಿ, ಬೀದಿದೀಪ, ನಲ್ಲಿ ನೀರು ಪಾಲಿಕೆಯದು. ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೇವೆ. ಬೀಗರ ಹುಡುಗನಿಗೆ ಕೆಲಸ ಕೊಡಿಸಿ ಅನ್ನುವುದೂ ಸೇರಿ.

ರಾಯರು ಮಾತ್ರ ಬಿಡಲಿಲ್ಲ. ಹೋದ ಸಲ ಮೂರು ಪಕ್ಷಗಳಿಗೆ 22, 19, 18 ಅಂತ ಸೀಟು ಹರಿದು ಹಂಚಿಹೋಗಿ ಯಾರಿಗೂ ಬಹುಮತ ಬರಲಿಲ್ಲ, ಮೇಯರ್ ಆಗೋಕೆ ಯಾರು ಯಾರ ಕೈ ಹಿಡಿದರು ಅಂತ ಎರಡನೇ ಟೀ ಮುಗಿಯುವವರೆಗೂ ಹೇಳಿದರು. ಕೊನೆಗೆ ಇಂಜಿನಿಯರ್‌ಗೇ ಹಾಕಬೇಕು, ಮದುವೆ ಊಟ ಬಡಿಸೋಕೆ ಕೇಟರಿಂಗ್‌ನವರಿದ್ದಾರೆ ಅಂತ ಬೆಂಚು ಗುದ್ದಿ ತೀರ್ಪು ಕೊಟ್ಟರು. ಶೆಟ್ಟರೂ ಒಪ್ಪಿಬಿಟ್ಟರು.

"ಹಾಗಾದ್ರೆ ನಿಮ್ಮ ಮನೆಯ ನಾಲ್ಕು ಓಟೂ ಅವನಿಗೇ ಅಲ್ವಾ ರಾಯರೇ?" ಅಂದರು ಮೇಷ್ಟ್ರು.

"ನಮ್ಮದಾ? ನಮ್ಮ ಓಟು ಇನ್ನೂ ಕುವೆಂಪುನಗರದಲ್ಲೇ ಇದೆ ಮೇಷ್ಟ್ರೇ. ಬದಲಾಯಿಸಿಕೊಳ್ಳೋಕೆ ಪುರಸೊತ್ತೆಲ್ಲಿ?"