ಹೊರಗೆ ಹತ್ತು ನಿಮಿಷ ಕಾದರೂ ಮಾಡಲ್ಲ, ಒಳಗೆ ಬಂದ ಕೂಡಲೇ ಮಂಚದ ಹಿಂದೆ ಉಚ್ಚೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮನೆಗೆ ನಾಯಿಮರಿ ಬಂದು ಇವತ್ತಿಗೆ 12 ದಿನ. ಹೆಣ್ಣು ಮರಿ, ಹೆಸರು ಬೆಳ್ಳಿ. ಬಂದಾಗ 8 ವಾರ, ಈಗ ಹತ್ತನೇ ವಾರ ನಡೀತಿದೆ. ನಾನು ನಾಯಿ ಸಾಕ್ತಿರೋದು ಇದೇ ಮೊದಲು.

ದಿನಕ್ಕೆ ಆರೇಳು ಸಲ ಹಿತ್ತಲಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಒಣಗಿದೆಲೆ ಕಚ್ಚೋದು, ಇರುವೆ ಹಿಂದೆ ಹೋಗೋದು, ನನ್ನ ಚಪ್ಪಲಿ ಎಳೆಯೋದು, ಇಷ್ಟೇ. ಹತ್ತು ನಿಮಿಷ ಕಾದು ಒಳಗೆ ಬಂದ್ರೆ, ನಾನು ಬಾಗಿಲು ಹಾಕಿ ತಿರುಗೋದ್ರೊಳಗೆ ಮಂಚದ ಹಿಂದೆ ಹೋಗಿ ಮಾಡಿರ್ತಾಳೆ. ಮೊದಲ ವಾರ ನಮ್ಮ ಕಣ್ಣೆದುರಿಗೇ ಮಾಡ್ತಿದ್ದಳು. ಈಗ ಕಣ್ಣು ತಪ್ಪಿಸಿ ಹೋಗ್ತಾಳೆ.

ಇದನ್ನೂ ಹೇಳಬೇಕು. ನಮ್ಮನೆಯವರು ಎರಡು ಸಲ ಅವಳ ಮೂತಿಯನ್ನ ಅದಕ್ಕೇ ಒತ್ತಿ ಗದರಿದರು, ಹಾಗೆ ಮಾಡಿದ್ರೇನೇ ಕಲಿಯೋದು ಅಂತ. ನಾನೂ ಒಮ್ಮೆ ಜೋರಾಗಿ ಕೂಗಿಬಿಟ್ಟೆ. ಆವಾಗಿಂದ ನಾನು ನೆಲ ಒರೆಸೋ ಬಟ್ಟೆ ಕೈಗೆತ್ತಿಕೊಂಡ್ರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಮೂಲೆಗೆ ಸರೀತಾಳೆ. ನೋಡಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ. ತಪ್ಪು ಮಾಡಿದೆ ಅಂತ ಅವಳಿಗೆ ಗೊತ್ತಾಗಿದೆಯಾ? ಗೊತ್ತಿದ್ದೂ ಯಾಕೆ ಒಳಗೇ ಮಾಡ್ತಾಳೆ? ರಾತ್ರಿ ನಾಲ್ಕು ಗಂಟೆ ಸುಮ್ಮನೆ ಮಲಗೋಳು ಹಗಲು ಅರ್ಧ ಗಂಟೆಯೂ ತಡೆಯಲ್ಲ, ಅದೂ ಅರ್ಥ ಆಗ್ತಿಲ್ಲ.

ಉತ್ತರ 1

ಆರೇಳು ಸಲ ಸಾಲದು. ಈ ವಯಸ್ಸಿಗೆ ಎಚ್ಚರ ಇದ್ದಷ್ಟು ಹೊತ್ತೂ ಗಂಟೆಗೊಮ್ಮೆ ಹೋಗಬೇಕು. ಜೊತೆಗೆ ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ್ಮೇಲೆ, ಆಟ ನಿಲ್ಲಿಸಿದ ಕೂಡಲೇ. ನೀರು ಮಾತ್ರ ಕಡಿಮೆ ಮಾಡಬೇಡಿ.

ಉತ್ತರ 2

ಮೂರು ಮರಿ ಬೆಳೆಸಿದೀನಿ. ಮೊದಲನೆಯದಕ್ಕೆ ನಾನೂ ನಿಮ್ಮನೆಯವರ ಹಾಗೇ ಮೂತಿ ಒತ್ತಿದ್ದೆ. ಇವತ್ತಿಗೂ ಆ ನೋವು ಹೋಗಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಕಿವಿ ಮಡಚೋದು, ಮೂಲೆಗೆ ಸರಿಯೋದು ಹೆದರಿಕೆ ಅಕ್ಕಾ. ನೆಲ ಒದ್ದೆ ಇದ್ದು ನೀವು ಬಟ್ಟೆ ಹಿಡಿದ್ರೆ ಬೈಗುಳ ಬರುತ್ತೆ, ಅವಳಿಗೆ ತಿಳಿದಿರೋದು ಅಷ್ಟೇ. ಮಂಚದ ಹಿಂದೆ ಹೋಗೋದೂ ಅದಕ್ಕೇ. ಮನುಷ್ಯರ ಮುಂದೆ ಉಚ್ಚೆ ಹೊಯ್ದರೆ ಅಪಾಯ ಅಂದ್ಕೊಂಡಿದ್ದಾಳೆ. ಹಾಗಂದ್ಕೊಂಡವಳು ಹಿತ್ತಲಲ್ಲಿ ನೀವು ಪಕ್ಕದಲ್ಲೇ ನಿಂತಿದ್ರೆ ಹೇಗೆ ಮಾಡ್ತಾಳೆ ಹೇಳಿ? ನೀವಿಲ್ಲದ ಜಾಗ ಸಿಗೋವರೆಗೆ ತಡ್ಕೊಂಡು ಬರ್ತಿದ್ದಾಳೆ. ಹಾಗಾಗಿ ಮೊದಲ ಕೆಲಸ, ಇವತ್ತಿಂದ ಮನೇಲಿ ಯಾರೂ ಒಂದು ಮಾತೂ ಗದರಬಾರದು. ಒಳಗೆ ಮಾಡಿದ್ದು ಆಮೇಲೆ ಕಂಡ್ರೆ ಸುಮ್ಮನೆ ಒರೆಸಿ. ಮಾಡ್ತಿರುವಾಗಲೇ ಕಂಡ್ರೆ ಮೆಲ್ಲಗೆ "ಬಾ ಬಾ" ಅಂತ ಎತ್ತಿಕೊಂಡು ಹೊರಗೆ ಬಿಡಿ, ಉಳಿದದ್ದು ಅಲ್ಲಿ ಮಾಡಲಿ.

ಇನ್ನು ಆ ಹತ್ತು ನಿಮಿಷ. ಚಿಕ್ಕ ಹಗ್ಗ ಹಾಕಿ ದಿನಾ ಒಂದೇ ಮೂಲೆಗೆ ಕರ್ಕೊಂಡು ಹೋಗಿ ಮರದ ಹಾಗೆ ನಿಂತುಬಿಡಿ. ಮಾತಿಲ್ಲ, ಆಟ ಇಲ್ಲ, ಅವಳನ್ನೇ ದಿಟ್ಟಿಸೋದೂ ಬೇಡ. ಐದು ನಿಮಿಷದಲ್ಲಿ ಮಾಡದಿದ್ರೆ ಒಳಗೆ ಬನ್ನಿ, ಆದ್ರೆ ನೆಲಕ್ಕೆ ಬಿಡಬೇಡಿ. ತೊಡೆ ಮೇಲೆ ಇಟ್ಕೊಳ್ಳಿ, ಇಲ್ಲಾ ಹಗ್ಗವನ್ನ ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಮೂಲೆ. ಮೊದಲ ದಿನ ನಾನು ಒಂದು ಉಚ್ಚೆಗೆ ನಾಲ್ಕು ಸಲ ಹೊರಗೆ ಹೋಗಿ ಬಂದಿದ್ದೆ. ಬೇಜಾರು ಬರುತ್ತೆ, ಬಿಡಬೇಡಿ. ಇಡೀ ಕಲಿಕೆ ನಿಂತಿರೋದು ಈ ಒಳಗೆ-ಹೊರಗೆ ಓಡಾಟದ ಮೇಲೇನೇ.

ಅಲ್ಲಿ ಮಾಡಿ ಮುಗಿಸಿದ ಕ್ಷಣವೇ, ಅಲ್ಲೇ, ತಿಂಡಿಯ ಒಂದು ಚೂರು ಬಾಯಿಗೆ ಹೋಗಬೇಕು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ರೆ ಒಳಗೆ ಬಂದದ್ದಕ್ಕೆ ಕೊಟ್ಟಂಗಾಗುತ್ತೆ. ಅರ್ಧದಲ್ಲಿ ಹೊಗಳಬೇಡಿ, ನಿಲ್ಲಿಸಿ ನಿಮ್ಮ ಹತ್ರ ಓಡಿ ಬರ್ತಾಳೆ, ಉಳಿದದ್ದು ಮನೆಯೊಳಗೆ ಬೀಳುತ್ತೆ. ಕೊಟ್ಟಮೇಲೆ ಐದು ನಿಮಿಷ ಆಡಿಸಿ. ಮಾಡಿದ ಕೂಡಲೇ ಒಳಗೆ ಎಳ್ಕೊಂಡು ಬಂದ್ರೆ, ಮಾಡಿದ್ರೆ ಹೊರಗಿನ ಸುಖ ಮುಗೀತು ಅಂತ ಮುಂದೂಡೋಕೆ ಕಲೀತಾಳೆ.

ಮಂಚದ ಹಿಂದಿನ ಜಾಗವನ್ನ ಎನ್‌ಜೈಮ್ ಇರೋ, ಅಂದ್ರೆ ಉಚ್ಚೆಯ ವಾಸನೆಯನ್ನ ಬುಡದಿಂದ ಒಡೆಯೋ ಕ್ಲೀನರಿನಿಂದ ತೊಳೆದು ಕೆಲವು ದಿನ ಅಡ್ಡ ಇಟ್ಟು ಮುಚ್ಚಿ. ನಮ್ಮ ಮೂಗಿಗೆ ವಾಸನೆ ಹೋಗಿದ್ರೂ ಅವಳ ಮೂಗಿಗೆ ಇರುತ್ತೆ. ಅಮೋನಿಯಾ ಇರೋದನ್ನ ಬಳಸಬೇಡಿ, ಉಚ್ಚೆಗೂ ಅದೇ ವಾಸನೆ.

ರಾತ್ರಿ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ನಿದ್ದೆಯಲ್ಲಿ ಮೂತ್ರ ಕಡಿಮೆ ತಯಾರಾಗುತ್ತೆ. ಎದ್ದು ಓಡಾಡಿ ನೀರು ಕುಡಿಯೋ ಮರಿಗೆ ಅಷ್ಟು ಹೊತ್ತು ತಡೆಯೋ ಶಕ್ತಿ ಇನ್ನೂ ಬಂದಿರಲ್ಲ.

ಉತ್ತರ 3

ಮೇಲಿನದೆಲ್ಲ ಸರಿ. ಎರಡು ಮಾತು ಸೇರಿಸ್ತೀನಿ. ಘಳಿಗೆಗೊಮ್ಮೆ ಎರಡೆರಡು ಹನಿ ಮಾಡ್ತಿದ್ರೆ, ಮಾಡೋಕೆ ತಿಣುಕುತ್ತಿದ್ರೆ, ಉಚ್ಚೆ ಬರೋ ಜಾಗವನ್ನ ಪದೇಪದೇ ನೆಕ್ಕುತ್ತಿದ್ರೆ, ಉಚ್ಚೆಯಲ್ಲಿ ರಕ್ತ ಕಂಡ್ರೆ ಅದು ಮೂತ್ರದ ಸೋಂಕಿರಬಹುದು. ಯಾವ ತರಬೇತಿಯೂ ಅದನ್ನ ಸರಿಮಾಡಲ್ಲ, ಪಶುವೈದ್ಯರಿಗೆ ತೋರಿಸಿ. ಇನ್ನೊಂದು, ಲಸಿಕೆ ಪೂರ್ತಿ ಆಗೋವರೆಗೆ ನಿಮ್ಮ ಹಿತ್ತಲೇ ಸಾಕು, ಬೇರೆ ನಾಯಿಗಳು ಓಡಾಡೋ ಕಡೆ ನೆಲಕ್ಕೆ ಬಿಡಬೇಡಿ. ಮರಿಗಳ ಜೀವಕ್ಕೇ ಅಪಾಯ ತರೋ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ.

ಪ್ರಶ್ನೆ ಕೇಳಿದವರು, 9 ದಿನದ ನಂತರ

ಉತ್ತರ 2ನ್ನ ನಮ್ಮನೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮಾರನೇ ದಿನದಿಂದ ಬೆಳಗಿನ ಜಾವದ ಸರದಿ ತಾವೇ ತಗೊಂಡಿದ್ದಾರೆ.

ಮೊದಲ ಮೂರು ದಿನ ಹಿತ್ತಲಲ್ಲಿ ಒಂದು ಹನಿಯೂ ಇಲ್ಲ. ನಾಲ್ಕನೇ ದಿನ ನಾನು ಬೇರೆ ಕಡೆ ಮುಖ ಮಾಡಿ ನಿಂತಿದ್ದಾಗ ಎಲೆ ಸರಿದ ಸದ್ದಾಯ್ತು. ಓರೆಗಣ್ಣಲ್ಲಿ ನೋಡಿದ್ರೆ ಕೂತು ಮಾಡ್ತಿದ್ದಾಳೆ! ತಿಂಡಿ ಕೊಡುವಾಗ ಕೈ ನಡುಗ್ತಿತ್ತು. ನಿನ್ನೆ ಅಡುಗೆಮನೆಯಲ್ಲಿ ನನ್ನ ಕಾಲ ಹತ್ರಾನೇ ಮಾಡಿದಳು. ಅಡಗಿಕೊಳ್ಳಲಿಲ್ಲ, ನನ್ನ ಮುಖ ನೋಡ್ತಾನೇ ಮಾಡಿದಳು. ನೆಲ ಒರೆಸ್ತಾ ಖುಷಿಯಾಯ್ತು.

ಒಂದೇ ಸಂಶಯ. ಯಾರಾದ್ರೂ ಮನೆಗೆ ಬಂದು ಬಗ್ಗಿ ಮುಟ್ಟಿದ್ರೆ ಬಾಲ ಅಲ್ಲಾಡಿಸ್ತಾ ನಾಲ್ಕು ಹನಿ ಬಿಡ್ತಾಳೆ. ಈಗಷ್ಟೇ ಹೊರಗೆ ಮಾಡಿ ಬಂದಿದ್ರೂ.

ಉತ್ತರ 2

ಅದು ಅವಳ ಕೈಯಲ್ಲಿಲ್ಲ ಅಕ್ಕಾ, ಖುಷಿಗೋ ಅಳುಕಿಗೋ ತಾನಾಗೇ ಬರೋದು. ಬಂದವರಿಗೆ ಬಗ್ಗದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರೋಕೆ ಹೇಳಿ, ಅವಳೇ ಹತ್ರ ಬರಲಿ. ತಲೆ ಮೇಲೆ ಕೈ ಬೇಡ, ಎದೆ ಹತ್ರ ಸವರಲಿ. ಬಹಳಷ್ಟು ಮರಿಗಳಲ್ಲಿ ಬೆಳೀತಾ ಬೆಳೀತಾ ನಿಂತುಹೋಗುತ್ತೆ.