ಮಳೆಗಾಲದಲ್ಲಿ ಪ್ರೈಮರ್ ಹೊಡೆಯುವುದು ಹೇಗೆ?

ಪ್ರಶ್ನೆ (ಮಂಗಳೂರು): ನೆಪೋಲಿಯನ್ ಕಾಲದ ಫ್ರೆಂಚ್ ಪದಾತಿಗಳು, 28 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಗೊಂಬೆಗಳು. ಜುಲೈ ಮಳೆಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ತಳಪದರ) ಹೊಡೆದರೆ ರವೆ ಉದುರಿಸಿದ ಹಾಗೆ ತರಿತರಿಯಾಗುತ್ತಿದೆ. ಕೋಟಿನ ಗುಂಡಿಗಳೇ ಮಾಯ! ಅಕ್ಟೋಬರ್‌ವರೆಗೆ ಕಾಯುವ ತಾಳ್ಮೆ ನನಗಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1: ಅದು ಗಾಳಿಯ ತೇವದ ಕಾಟ ಸರ್. ಸ್ಪ್ರೇ ಬದಿಗಿಟ್ಟು, ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ತರಿಸಿ. ವಯೆಹೋ ಕಂಪನಿಯದು ನಾನು ಬಳಸುತ್ತೇನೆ. ತೆಳ್ಳಗೆ ಎರಡು ಬಾರಿ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ.

ಉತ್ತರ 2: ಕೆಟ್ಟವನ್ನು ಎಸೆಯಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ ನೋಡಿ. ಮೊದಲು ಗೊಂಬೆಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡಿನ ಮೇಲೆ ಪರೀಕ್ಷಿಸಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಮಾತ್ರ ಬೇಡವೇ ಬೇಡ, ಸೈನಿಕನೇ ಕರಗಿಹೋಗುತ್ತಾನೆ.

ಪ್ರಶ್ನಿಸಿದವರು: ಧನ್ಯವಾದ. ನೀಲಿ ಕೋಟಿನ ಬಿಳಿ ಎದೆಪಟ್ಟಿಗೆ ನೇರವಾಗಿ ಬಿಳಿ ಹಚ್ಚಲೇ?

ಉತ್ತರ 1: ಬೇಡ. ತಿಳಿ ಬೂದು ಹಚ್ಚಿ, ಅಂಚುಗಳಿಗೆ ಮಾತ್ರ ಬಿಳಿ. ಕಾಲರ್ ಕೆಂಪು, ಮರೆಯಬೇಡಿ. ನೀಲಿ ಗಾಢವಾಗಿರಲಿ, ಆಕಾಶನೀಲಿ ಕೋಟಿನ ಫ್ರೆಂಚರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.