ಖಾಲಿ ಸೈಟಿನ ವಿಷಯ, ದಯವಿಟ್ಟು ಎಲ್ಲರೂ ಓದಿ

42ನೇ ಮನೆ, ರಾತ್ರಿ 1:10
ಎಲ್ಲರೂ ಆರಾಮಾಗಿ ಮಲಗಿದ್ದೀರಾ? ಮಲಗಿ. ನಾನು ಈಗಷ್ಟೇ ಆ ಸೈಟಿನ ಪಕ್ಕದ ಮೋರಿಯಿಂದ ಒಬ್ಬ ಹುಡುಗನನ್ನು ಎಳೆದು ಕೂರಿಸಿ ಬಂದೆ. ಹತ್ತನೇ ಕ್ಲಾಸು. ಯೂನಿಫಾರಂ ಪ್ಯಾಂಟೂ ಬಿಚ್ಚಿಲ್ಲ. ಜೊತೆಗಿದ್ದವರು ಓಡಿಹೋದರು. ಇವನು ಸುಮ್ನೆ ನಗುತ್ತಾನೆ, ಆಮೇಲೆ ವಾಂತಿ. ನಮ್ಮತ್ತೆ ನಿಂಬೆಹಣ್ಣಿನ ನೀರು ತಂದರು, ಕುಡಿಯಲಿಲ್ಲ. ಅವರಪ್ಪನಿಗೆ ಫೋನ್ ಮಾಡಿದರೆ ನನ್ನ ಮೇಲೇ ರೇಗಿದರು. ಕಾರ್ಯದರ್ಶಿಗಳೇ, ಯುಗಾದಿ ಒಳಗೆ ಅಲ್ಲಿ ದೀಪ ಹಾಕಿಸುತ್ತೇವೆ ಅಂದಿದ್ದಿರಿ. ಯಾವ ವರ್ಷದ ಯುಗಾದಿ?

9ನೇ ಮನೆ, ಬೆಳಿಗ್ಗೆ 5:42
🌸🙏 ಶುಭೋದಯ. ನಗುನಗುತ್ತಾ ದಿನ ಆರಂಭಿಸಿ 🙏🌸

51ನೇ ಮನೆ
ಅಂಕಲ್, ಮೇಲಿನ ಮೆಸೇಜ್ ಓದಿ ಸ್ವಲ್ಪ.

17ನೇ ಮನೆ
ನಾನು ಮೊದಲೇ ಹೇಳಿದ್ದೆ. ಆ ಪಿಜಿ ಬಂದ ಮೇಲೇ ಇದೆಲ್ಲ ಶುರುವಾಗಿದ್ದು. ಗಾಂಜಾ ಎಲ್ಲಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ಹೇಳುವ ಧೈರ್ಯ ಇಲ್ಲ.

28ನೇ ಮನೆ
ಪಿಜಿ ನನ್ನದು, ಹೆಸರು ಹಿಡಿದೇ ಹೇಳಿ ರಾಯರೇ. ನಮ್ಮ ಹುಡುಗರು ಆಫೀಸಿಂದ ಬರುವುದೇ ರಾತ್ರಿ ಹತ್ತಕ್ಕೆ. ಸ್ಕೂಲ್ ಯೂನಿಫಾರಂ ಹಾಕಿಕೊಂಡು ಅವರೇಕೆ ಓಡಾಡುತ್ತಾರೆ?

17ನೇ ಮನೆ
ಸಪ್ಲೈ ಯಾರದ್ದು ಅಂತ ಕೇಳುತ್ತಿದ್ದೇನೆ.

42ನೇ ಮನೆ
ಗಾಂಜಾ ಅಂತ ನಾನು ಹೇಳಿದೆನಾ? ಬೆಳಕು ಹರಿದ ಮೇಲೆ ಹೋಗಿ ನೋಡಿದೆ. ಪಂಕ್ಚರ್ ಹಾಕುವ ಸೊಲ್ಯೂಷನ್ ಟ್ಯೂಬುಗಳು ಬಿದ್ದಿವೆ. ಮುಗಿದ ಟೂತ್‌ಪೇಸ್ಟನ್ನು ಬುಡದಿಂದ ಸುತ್ತಿ ಹಿಂಡುತ್ತೇವಲ್ಲ, ಹಾಗೆ ಹಿಂಡಿದ್ದಾರೆ. ಖಾಲಿ ಹಾಲಿನ ಕವರುಗಳು. ಒಂದು ಕರ್ಚೀಫು, ಒಣಗಿ ರಟ್ಟಾಗಿದೆ. ಹತ್ತಿರ ಹೋದರೆ ಇನ್ನೂ ವಾಸನೆ.

63ನೇ ಮನೆ
ನಾನು ಡಿ-ಅಡಿಕ್ಷನ್ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಎರಡು ಮಾತು ಹೇಳುತ್ತೇನೆ. ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಆಸ್ಪತ್ರೆ ಕೈಲಿ ಮಾಡಿಸಿದ ಸರ್ವೆ 2019ರಲ್ಲಿ ಬಂತು. ಹೀಗೆ ಮೂಸಿ ಎಳೆಯುವ ಪದಾರ್ಥ ಬಳಸುವವರು 10ರಿಂದ 17 ವಯಸ್ಸಿನವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡದ್ದು ಇದೊಂದೇ. ಯಾಕೆ ಅಂದರೆ ಅಗ್ಗ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಕೇಳುವವರಿಲ್ಲ. ಸೊಲ್ಯೂಷನ್, ವೈಟ್ನರ್, ಥಿನ್ನರ್ ಎಲ್ಲ ಒಂದೇ ಜಾತಿ, ಒಳಗಿರುವುದು ಟೊಲುಯೀನ್ ಥರದ ದ್ರಾವಕ.
ಇನ್ನೊಂದು. ಪ್ರಜ್ಞೆ ಸರಿಯಿಲ್ಲದವನಿಗೆ ನಿಂಬೆ ನೀರೂ ಬೇಡ, ಮಜ್ಜಿಗೆಯೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸಿಗೆ 108 ಮಾಡಿ.

17ನೇ ಮನೆ
ಅಷ್ಟೆಲ್ಲ ಬೇಡ ಮೇಡಂ. ಇವತ್ತು ರಾತ್ರಿ ನಾವು ಹತ್ತು ಜನ ಗಂಡಸರು ದೊಣ್ಣೆ ಹಿಡಿದು ನಿಂತರೆ ಸಾಕು. ಅಟ್ಟಿಸಿಕೊಂಡು ಹೋದರೆ ಇನ್ನೊಂದು ಸಲ ಈ ಕಡೆ ತಲೆ ಹಾಕಲ್ಲ.

63ನೇ ಮನೆ
ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಅದನ್ನು ಎಳೆದುಕೊಂಡ ಹೊತ್ತಲ್ಲಿ ಗಾಬರಿಬಿದ್ದು ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಸಾಯಬಹುದು. ಮೊದಲ ಸಲ ಎಳೆದವನಿಗೂ ಹಾಗಾಗಬಹುದು.

17ನೇ ಮನೆ
*ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ*
⚠️ ಪೋಷಕರೇ ಎಚ್ಚರ! ಶಾಲೆಗಳ ಮುಂದೆ ಸ್ಟ್ರಾಬೆರಿ ವಾಸನೆಯ ಡ್ರಗ್ಸ್ ಮಿಠಾಯಿ ಹಂಚುತ್ತಿದ್ದಾರೆ! 10 ಜನರಿಗೆ ಕಳಿಸಿ ⚠️

51ನೇ ಮನೆ
ಅಂಕಲ್, ಇದು 2007ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ ಸುಳ್ಳು ಮೆಸೇಜ್. ನಾನು ಸ್ಕೂಲಲ್ಲಿದ್ದಾಗಲೂ ಬಂದಿತ್ತು 😂

17ನೇ ಮನೆ
ಮಂಗಳೂರಲ್ಲಿ ಚಾಕೊಲೇಟ್ ಹಿಡಿಯಲಿಲ್ವಾ? ಅದೂ ಸುಳ್ಳಾ?

51ನೇ ಮನೆ
ಅದು 2023ರಲ್ಲಿ, ಭಾಂಗ್ ಚಾಕೊಲೇಟು. ಅದು ನಿಜ. ಅದೇ ಬೇರೆ, ಇದೇ ಬೇರೆ.

35ನೇ ಮನೆ
ಹೈಸ್ಕೂಲ್ ಮೇಷ್ಟ್ರಾಗಿ ಹೇಳುತ್ತೇನೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಬ್ಯಾಗ್ ಚೆಕ್ ಮಾಡಿ ಸಿಗರೇಟು, ಲೈಟರು, ವೈಟ್ನರ್ ಸಿಕ್ಕಿತು ಅಂತ ದೊಡ್ಡ ಸುದ್ದಿ ಆಯಿತಲ್ಲ. ಆಮೇಲೆ ನಮ್ಮಲ್ಲಿ ಬ್ಯಾಗಲ್ಲಿ ಸಿಗುವುದು ನಿಂತಿತು, ಟಾಯ್ಲೆಟ್ಟಿನ ಸಜ್ಜದ ಮೇಲೆ ಸಿಗಲು ಶುರುವಾಯಿತು. ವೇಪ್, ಅಂದರೆ ಇ-ಸಿಗರೇಟು, ಅಂತೂ 2019ರಿಂದ ಮಾರುವುದೇ ಅಪರಾಧ. ಆದರೂ ಬರುತ್ತಿದೆ, ನೋಡಿದರೆ ಪೆನ್‌ಡ್ರೈವ್ ಅನ್ನಬೇಕು.
ಏಮ್ಸ್‌ನವರು 10 ನಗರಗಳ ಶಾಲೆಗಳಲ್ಲಿ ಸುಮಾರು 5,900 ಮಕ್ಕಳನ್ನು ಈ ಬಗ್ಗೆ ಕೇಳಿದ್ದರು. ಬೆಂಗಳೂರೂ ಇತ್ತು. ಶುರು ಮಾಡುವ ಸರಾಸರಿ ವಯಸ್ಸು 13ರ ಹತ್ತಿರ. ಹೆಚ್ಚು ಬಳಸುವುದು ತಂಬಾಕು, ಆಮೇಲೆ ಮದ್ಯ, ಮೂರನೆಯದು ನೋವಿನ ಮಾತ್ರೆಯಂಥ ಓಪಿಯಾಯ್ಡ್. ಗಾಂಜಾ ಅದರ ಕೆಳಗೆ. ನಾವು ಏಳನೇ ಕ್ಲಾಸಿನವರ ಹತ್ತಿರ ಮಾತೇ ಆಡುವುದಿಲ್ಲ, ಹತ್ತನೇ ಕ್ಲಾಸಿಗೆ ಬಂದ ಮೇಲೆ ಬ್ಯಾಗ್ ತಡಕುತ್ತೇವೆ.

28ನೇ ಮನೆ
ಮಾತ್ರೆ ಅಂದಿರಲ್ಲ, ಮೂಲೆಯ ಮೆಡಿಕಲ್ಲಲ್ಲಿ ಚೀಟಿ ಇಲ್ಲದೇ ಏನು ಬೇಕಾದರೂ ಕೊಡುತ್ತಾರೆ.

17ನೇ ಮನೆ
ಮೆಡಿಕಲ್‌ನವನು ನನ್ನ ಭಾವಮೈದ. ನೋಡಿಕೊಂಡು ಮಾತಾಡಿ.

28ನೇ ಮನೆ
ಪಿಜಿ ವಿಷಯ ಬಂದಾಗ ನೋಡಿಕೊಂಡು ಮಾತಾಡಿದಿರಾ?

(ಇದೇ ಥರ ಇಪ್ಪತ್ತು ಮೆಸೇಜ್. ಅಡ್ಮಿನ್ ಕೆಲವನ್ನು ಅಳಿಸಿದ್ದಾರೆ.)

70ನೇ ಮನೆ, ವಕೀಲರು
ಠಾಣೆಯಲ್ಲಿ ಕೇಳಿಕೊಂಡು ಬಂದೆ. ಗಾಂಜಾ ಸಿಕ್ಕರೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತು ಕಾಯ್ದೆ, ಹಾಕಬಹುದು. ಸೊಲ್ಯೂಷನ್ ಆ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಕೇಸು ಅಂತ ಕಾಯುತ್ತಾ ಕೂರಬೇಡಿ. ನಮ್ಮಿಂದಾಗುವುದು ಮೂರೇ: ಸೈಟಿಗೆ ದೀಪ, ಪಂಕ್ಚರ್ ಮತ್ತು ಹಾರ್ಡ್‌ವೇರ್ ಅಂಗಡಿಯವರಿಗೆ ಮಕ್ಕಳ ಕೈಗೆ ಟ್ಯೂಬು ಕೊಡಬೇಡಿ ಅಂತ ಹೇಳುವುದು, ಹುಡುಗನ ಮನೆಯವರನ್ನು ನಿಮ್ಹಾನ್ಸ್‌ಗೆ ಕಳಿಸುವುದು. ವ್ಯಸನ ಬಿಡಿಸುವ ಹೆಲ್ಪ್‌ಲೈನ್ 14446. ಮಾನಸಿಕ ಸಮಸ್ಯೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

42ನೇ ಮನೆ
ಸರಿ. ಅಂಗಡಿಯವರ ಹತ್ತಿರ ಯಾರು ಹೋಗುತ್ತೀರಿ?

17ನೇ ಮನೆ
ಮೊದಲು ಆ ಹುಡುಗ ಯಾರ ಮನೆಯವನು ಹೇಳಿ.

42ನೇ ಮನೆ
ಹೇಳಲ್ಲ.

70ನೇ ಮನೆ, ವಕೀಲರು
ಮಗುವಿನ ಗುರುತು ಗ್ರೂಪಲ್ಲಿ ಹಾಕುವುದು ಬೇಡ.

17ನೇ ಮನೆ
ಹಾಗಾದರೆ ಎಲ್ಲರ ಮಕ್ಕಳ ಮೇಲೂ ಅನುಮಾನ. ಚೆನ್ನಾಗಿದೆ.

ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಸಿಸಿ ಕ್ಯಾಮೆರಾಕ್ಕೆ ಕೊಟೇಶನ್ ತರಿಸಿದ್ದೇನೆ. ಮನೆಗೊಂದು ಸಾವಿರ ಬರುತ್ತದೆ.

44ನೇ ಮನೆ
ಬಾಡಿಗೆಯವರೂ ಕೊಡಬೇಕಾ?

9ನೇ ಮನೆ
ಕ್ಯಾಮೆರಾ ಕತ್ತಲಲ್ಲಿ ಏನು ನೋಡುತ್ತದೆ? ದೀಪವೇ ಇಲ್ಲವಲ್ಲ.

42ನೇ ಮನೆ
ಅಂಗಡಿಯವರ ಹತ್ತಿರ ಯಾರು ಹೋಗುತ್ತೀರಿ ಅಂತ ಕೇಳಿದ್ದೆ.

ಕಾರ್ಯದರ್ಶಿ
ಭಾನುವಾರ ಮೀಟಿಂಗಲ್ಲಿ ತೀರ್ಮಾನ ಮಾಡೋಣ ಮೇಡಂ. ಸೈಟಿನ ಓನರ್ ಡಲ್ಲಾಸ್‌ನಲ್ಲಿದ್ದಾರೆ, ಮೇಲ್ ಹಾಕಿದ್ದೇನೆ.

58ನೇ ಮನೆ
ಸೈಟು ಕ್ಲೀನ್ ಮಾಡಿಸುವುದಾದರೆ ಅಲ್ಲಿ ನಾಯಿಗಳಿಗೆ ಅನ್ನ ಸುರಿಯುವವರಿಗೂ ಒಂದು ಮಾತು ಹೇಳಿ. ಮೊನ್ನೆ ನಮ್ಮ ಮೊಮ್ಮಗಳನ್ನು ಅಟ್ಟಿಸಿಕೊಂಡು ಬಂದವು.

44ನೇ ಮನೆ
ಕರೆಕ್ಟ್!! ಇದು ಮುಖ್ಯ ವಿಷಯ.

17ನೇ ಮನೆ
ನಾನು ಮೊದಲೇ ಹೇಳಿದ್ದೆ.

51ನೇ ಮನೆ
ಅನ್ನ ಹಾಕುವುದು ನಮ್ಮಮ್ಮ. ಅವಕ್ಕೆ ಆಪರೇಷನ್ ಮಾಡಿಸಿದ್ದೂ ಅವರೇ, ಸ್ವಂತ ದುಡ್ಡಲ್ಲಿ. ನೀವು ಯಾರು ಕೊಟ್ಟಿರಿ?

ಕಾರ್ಯದರ್ಶಿ
📊 ನಾಯಿಗೆ ಅನ್ನ ಹಾಕುವ ಜಾಗ: (1) ಪಾರ್ಕ್ ಹಿಂದೆ (2) ಟ್ರಾನ್ಸ್‌ಫಾರ್ಮರ್ ಪಕ್ಕ. ಎಲ್ಲರೂ ವೋಟ್ ಮಾಡಿ.

63ನೇ ಮನೆ
ಸಂಜೆ 5ಕ್ಕೆ ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತೇನೆ. 42ನೇ ಮನೆಯವರೇ, ಬರುತ್ತೀರಾ?

42ನೇ ಮನೆ
ಬರುತ್ತೇನೆ ಅಕ್ಕ.

28ನೇ ಮನೆ
ಪಾರ್ಕ್ ಹಿಂದೆ ಬೇಡ, ಅಲ್ಲಿ ನನ್ನ ಕಾರು ನಿಲ್ಲುತ್ತದೆ.